ಆರೋಪಕ್ಕೆ ರೆಕ್ಕೆ, ಖುಲಾಸೆಗೆ ಕುಂಟುಗಾಲು

ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದ ಮನೆಗೆ ಪೊಲೀಸರು ಬಂದು ಹೋಗುವುದು ನಮ್ಮ ಕರಾವಳಿಯಲ್ಲಿ ಹೊಸ ಸಂಗತಿಯಲ್ಲ. ಬ್ಯಾರಿಗಳ ಮನೆಗಳಲ್ಲಿ ಗಲ್ಫ್‌ನಲ್ಲಿ ಇರುವವರು, ಇದ್ದು ಬಂದವರು, ವೀಸಾಕ್ಕೆ ಕಾದು ಕೂತವರು, ಹೀಗೆ ಯಾರಾದರೊಬ್ಬರು ಇದ್ದೇ ಇರುತ್ತಾರೆ. ಹಾಗಾಗಿ ‘ವೆರಿಫಿಕೇಶನ್’ ಎಂಬ ಪದ ಅಕ್ಷರ ಕಲಿಯದ ನಮ್ಮ ಉಮ್ಮಂದಿರಿಗೂ ಗೊತ್ತು. ಮೊದಲು ಠಾಣೆಯಿಂದ ಒಬ್ಬರು ಬರುತ್ತಿದ್ದರು, ನೆರೆಮನೆಯವರಲ್ಲಿ ಎರಡು ಮಾತು ಕೇಳುತ್ತಿದ್ದರು, ಹಿಂದೆ ಹೋಗಿ ಠಾಣೆಯ ರಿಜಿಸ್ಟರ್ ತಿರುವಿ ನೋಡುತ್ತಿದ್ದರು. ಆ ರಿಜಿಸ್ಟರ್ ಆ ಠಾಣೆಯದ್ದು ಮಾತ್ರ. ಉಳ್ಳಾಲದ ಕಪಾಟಿನಲ್ಲಿ ಇದ್ದದ್ದು ಉಪ್ಪಿನಂಗಡಿಗೆ ಗೊತ್ತಾಗಬೇಕಾದರೆ ಯಾರಾದರೂ ಪತ್ರ ಬರೆಯಬೇಕಿತ್ತು, ಫೋನ್ ಮಾಡಬೇಕಿತ್ತು.

ಈಗ ಹಾಗಿಲ್ಲ. ಒಂದು ಠಾಣೆಯಲ್ಲಿ ಬರೆದದ್ದು ದೇಶದ ಬೇರೆ ಠಾಣೆಗಳ ಪರದೆಗೂ ಹೋಗುತ್ತದೆ. ಅಪರಾಧ ತಡೆಯಲು ಇದು ಬೇಕು ಎಂದು ಸರಕಾರ ಹೇಳುತ್ತದೆ. ಬೇಕು ಎಂದು ನಾವೂ ಒಪ್ಪುತ್ತೇವೆ. ನಮ್ಮ ತಕರಾರು ಬೇರೆ. ಆರೋಪ ಎಷ್ಟು ವೇಗವಾಗಿ, ಎಷ್ಟು ದೂರ ಹೋಗುತ್ತದೋ, ಅದೇ ಮನುಷ್ಯ ನಿರಪರಾಧಿ ಎಂದು ಕೋರ್ಟ್ ಹೇಳಿದ ಮಾತು ಅಷ್ಟು ವೇಗವಾಗಿ, ಅಷ್ಟು ದೂರ ಹೋಗುವುದಿಲ್ಲ. ಖಾಸಗಿತನ ಎಂಬ ದೊಡ್ಡ ಶಬ್ದ ನಮ್ಮ ಮನೆಗಳ ಒಳಗೆ ಬಂದು ನಿಲ್ಲುವುದು ಇಲ್ಲಿ.

ಜಾಲ ಬೆಳೆದ ಬಗೆ

2008ರ ನವೆಂಬರ್‌ನಲ್ಲಿ ಮುಂಬೈ ಮೇಲೆ ದಾಳಿ ನಡೆದ ಮೇಲೆ ಒಂದು ಮಾತು ಎಲ್ಲೆಡೆ ಕೇಳಿಬಂತು: ಮಾಹಿತಿ ಇತ್ತು, ಆದರೆ ಒಬ್ಬರಲ್ಲಿದ್ದದ್ದು ಇನ್ನೊಬ್ಬರಿಗೆ ತಲುಪಲಿಲ್ಲ. ಆ ಮಾತಿನಲ್ಲಿ ಸತ್ಯವಿತ್ತು. 2009ರಲ್ಲಿ ಕೇಂದ್ರ ಸರಕಾರ ಸಿಸಿಟಿಎನ್‌ಎಸ್ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ ಪೊಲೀಸ್ ಠಾಣೆಗಳನ್ನು ಒಂದೇ ಜಾಲಕ್ಕೆ ಕಟ್ಟುವ ಯೋಜನೆ ಅದು. ನಂತರ ಬಂದ ಐಸಿಜೆಎಸ್ ಎಂಬ ವ್ಯವಸ್ಥೆ ಪೊಲೀಸ್, ಕೋರ್ಟ್, ಜೈಲು, ಪ್ರಾಸಿಕ್ಯೂಶನ್, ವಿಧಿವಿಜ್ಞಾನ ಪ್ರಯೋಗಾಲಯ ಈ ಐದನ್ನೂ ಒಂದಕ್ಕೊಂದು ಜೋಡಿಸುತ್ತದೆ. ಅದರ ಎರಡನೇ ಹಂತಕ್ಕೆ 2022ರಲ್ಲಿ 3,375 ಕೋಟಿ ರೂಪಾಯಿ ಮಂಜೂರಾಯಿತು. ಇದಲ್ಲದೆ ನ್ಯಾಟ್‌ಗ್ರಿಡ್ ಉಂಟು. ಬ್ಯಾಂಕ್, ವಿಮಾನ, ರೈಲು, ವಲಸೆ ವಿಭಾಗ, ಫೋನ್ ಇವುಗಳ ಮಾಹಿತಿಯನ್ನು ತನಿಖಾ ಮತ್ತು ಗುಪ್ತಚರ ಸಂಸ್ಥೆಗಳು ಒಂದೇ ಕಡೆಯಿಂದ ಕೇಳಿ ಪಡೆಯುವ ವ್ಯವಸ್ಥೆ. 2011ರಲ್ಲಿ ಈ ನ್ಯಾಟ್‌ಗ್ರಿಡ್ಡನ್ನು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಿಂದಲೇ ಹೊರಗಿಟ್ಟರು.

ಇವು ಯಾವುವೂ ಸಂಸತ್ತು ಚರ್ಚೆ ಮಾಡಿ ಪಾಸು ಮಾಡಿದ ಪ್ರತ್ಯೇಕ ಕಾಯ್ದೆಯಿಂದ ಹುಟ್ಟಿದ್ದಲ್ಲ, ಸರಕಾರದ ಯೋಜನೆಗಳಾಗಿ ಬಂದವು. ಕಾಯ್ದೆ ಇದ್ದಿದ್ದರೆ ಅದರಲ್ಲಿ ಯಾರು ನೋಡಬಹುದು, ಎಷ್ಟು ದಿನ ಇಡಬಹುದು, ತಪ್ಪಾದರೆ ಯಾರಲ್ಲಿ ಕೇಳಬೇಕು ಎಂದು ಬರೆಯಬೇಕಾಗುತ್ತಿತ್ತು. ಯೋಜನೆಯಲ್ಲಿ ಅದೆಲ್ಲ ಇಲಾಖೆಯ ಸುತ್ತೋಲೆಗೆ ಬಿಟ್ಟದ್ದು.

ಕಾಯ್ದೆಯಾಗಿ ಬಂದದ್ದು 2022ರ ಕ್ರಿಮಿನಲ್ ಪ್ರೊಸೀಜರ್ (ಗುರುತಿಸುವಿಕೆ) ಕಾಯ್ದೆ. 1920ರ ಬ್ರಿಟಿಷ್ ಕಾಲದ ಕಾಯ್ದೆಯ ಜಾಗಕ್ಕೆ ಬಂದ ಇದರಲ್ಲಿ ಬೆರಳಚ್ಚು, ಅಂಗೈ ಗುರುತು, ಫೋಟೋ, ಕಣ್ಣಿನ ಪಾಪೆಯ ಸ್ಕ್ಯಾನ್, ರಕ್ತ ಮುಂತಾದ ಮಾದರಿ, ಸಹಿ, ಕೈಬರಹದವರೆಗೆ ತೆಗೆದುಕೊಳ್ಳಲು ಅವಕಾಶವಿದೆ. ಶಿಕ್ಷೆಯಾದವರದ್ದು ಮಾತ್ರವಲ್ಲ, ಬಂಧನವಾದವರದ್ದು ಕೂಡ. ದಾಖಲೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದಲ್ಲಿ 75 ವರ್ಷ ಇರುತ್ತದೆ, ಅಲ್ಲಿಂದ ಬೇರೆ ತನಿಖಾ ಸಂಸ್ಥೆಗಳಿಗೂ ಕೊಡಬಹುದು. ಇಪ್ಪತ್ತನೇ ವಯಸ್ಸಿನಲ್ಲಿ ಕೊಟ್ಟ ಬೆರಳಚ್ಚು ಅವನು ತೊಂಬತ್ತೈದು ದಾಟುವ ತನಕ ಅಲ್ಲಿರುತ್ತದೆ.

ನಮ್ಮಲ್ಲಿ ಇದು ಯಾರಿಗೆ ತಾಗುತ್ತದೆ?

‘ತಪ್ಪು ಮಾಡದವನಿಗೆ ಎಂತಕೆ ಹೆದರಿಕೆ?’ ಎಂದು ಕೇಳುವವರು ನಮ್ಮಲ್ಲೂ ಇದ್ದಾರೆ. ಅವರಿಗೆ ಮೊದಲ ಉತ್ತರ ನಮ್ಮ ಹೆಸರುಗಳಲ್ಲೇ ಇದೆ. ಬ್ಯಾರಿಗಳಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರು ಬರೆಯುವ ರೂಢಿಯಿಲ್ಲ. ಒಂದೇ ಮೊಹಲ್ಲಾದಲ್ಲಿ ಇಬ್ರಾಹೀಂ ಮಗ ಅಬ್ದುಲ್ ರಹಿಮಾನ್ ಮೂರು ಜನ ಸಿಗುತ್ತಾರೆ. ಒಬ್ಬನ ಹೆಸರೇ ರೇಶನ್ ಕಾರ್ಡ್‌ನಲ್ಲಿ ಮಹಮ್ಮದ್, ಶಾಲೆಯಲ್ಲಿ ಮೊಹಮ್ಮದ್, ಪಾಸ್‌ಪೋರ್ಟ್‌ನಲ್ಲಿ ಮುಹಮ್ಮದ್ ಎಂದು ಇರುತ್ತದೆ. ಹಳೆಯ ಬೀಟ್ ಪೊಲೀಸರಿಗೆ ‘ಇವ ಆ ಅದ್ರಾಮ ಅಲ್ಲ, ಮೀನಿನ ಅದ್ರಾಮನ ತಮ್ಮ’ ಎಂದು ಗೊತ್ತಿತ್ತು. ದೂರದ ಊರಿನ ಕಂಪ್ಯೂಟರ್‌ಗೆ ಅದು ಗೊತ್ತಿಲ್ಲ. ಹೆಸರು, ತಂದೆಯ ಹೆಸರು, ಊರು ಸರಿಹೊಂದಿದರೆ ಕೆಂಪು ಗೆರೆ ಬೀಳುತ್ತದೆ. ಆ ಗೆರೆ ಅಳಿಸುವ ಕೆಲಸ ತಪ್ಪೇ ಮಾಡದ ಅದ್ರಾಮನ ತಲೆಗೆ.

ಎರಡನೇ ಉತ್ತರ, ಆರೋಪ ಬೇರೆ, ಅಪರಾಧ ಬೇರೆ. ಕಾಲೇಜಿನ ಎದುರು ಒಂದು ಗಲಾಟೆ ಆಗುತ್ತದೆ, ಇಲ್ಲವೇ ಊರಿನಲ್ಲಿ ಒಂದು ಪ್ರತಿಭಟನೆ. ಎಫ್‌ಐಆರ್‌ನಲ್ಲಿ ಇಪ್ಪತ್ತು ಹೆಸರು, ‘ಮತ್ತು ಇತರರು’. ಅಕ್ರಮ ಕೂಟ ಎಂದು ಕೇಸು. ಸಾಕ್ಷಿ ಬಾರದೆ, ಬಂದವರು ಗುರುತಿಸದೆ, ಐದಾರು ವರ್ಷ ಕಳೆದು ಕೇಸು ಬಿದ್ದು ಹೋಗುತ್ತದೆ. ಹುಡುಗ ಕೋರ್ಟಿನ ಮೆಟ್ಟಿಲು ಇಳಿದು ಅಲ್‌ಹಮ್ದುಲಿಲ್ಲಾ ಎನ್ನುತ್ತಾನೆ. ಮನೆಯವರು ಮುಗಿಯಿತು ಅಂದುಕೊಳ್ಳುತ್ತಾರೆ. ಕೆಲವು ಗಲ್ಫ್ ದೇಶಗಳ ವೀಸಾಕ್ಕೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕು. ಅವನು ಅದಕ್ಕೆ ಅರ್ಜಿ ಹಾಕಿದ ದಿನ ಹಳೆಯ ಕೇಸು ಪರದೆಯ ಮೇಲೆ ಹಾಗೆಯೇ ನಿಂತಿರುತ್ತದೆ. ಕೇಸು ಮುಗಿದ ವಿಷಯ ಯಾರೂ ಅಲ್ಲಿ ಬರೆದಿರುವುದಿಲ್ಲ. ವೀಸಾದ ಅವಧಿ ಯಾರಿಗೂ ಕಾಯುವುದಿಲ್ಲ.

ಪೊಲೀಸರ ಕಂಪ್ಯೂಟರ್‌ನಿಂದ ವಾಟ್ಸಾಪ್‌ಗೆ ಬಿದ್ದ ಮಾಹಿತಿಯ ಕಥೆ ಇನ್ನೊಂದು. 2016ರಲ್ಲಿ ಸುಪ್ರೀಂ ಕೋರ್ಟ್ ಯೂತ್ ಬಾರ್ ಅಸೋಸಿಯೇಶನ್ ಪ್ರಕರಣದಲ್ಲಿ ಎಫ್‌ಐಆರ್ ಪ್ರತಿಯನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕೆಂದು ಹೇಳಿತು. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳನ್ನು ಹೊರಗಿಟ್ಟಿತು. ಆದೇಶದ ಉದ್ದೇಶ ಒಳ್ಳೆಯದು. ತನ್ನ ಮೇಲೆ ಏನು ಆರೋಪ ಎಂದು ಆರೋಪಿಗೆ ಬೇಗ ಗೊತ್ತಾಗಬೇಕು, ಅವನು ಜಾಮೀನಿಗೆ ಓಡಾಡಬೇಕು. ಆದರೆ ಅದೇ ಪ್ರತಿ ಹೆಸರು, ಪ್ರಾಯ, ಮನೆ ವಿಳಾಸದ ಸಮೇತ ಸಂಜೆಯೊಳಗೆ ನೂರು ಗುಂಪುಗಳಲ್ಲಿ ತಿರುಗುತ್ತದೆ. ಕೇಸಿಗೆ ಬಿ ರಿಪೋರ್ಟ್ ಹಾಕಿದರೆ, ಆರೋಪಿ ಖುಲಾಸೆಯಾದರೆ, ಅದನ್ನೂ 24 ಗಂಟೆಯೊಳಗೆ ಎಫ್‌ಐಆರ್‌ನ ಪಕ್ಕದಲ್ಲಿ ಹಾಕಬೇಕೆಂಬ ಮಾತು ಆ ಆದೇಶದಲ್ಲಿಲ್ಲ.

2020ರ ಮಾರ್ಚ್ ನೆನಪಿರಬಹುದು. ಕೊರೊನಾ ಕಾಲದಲ್ಲಿ ವಿದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆದವರ ಮನೆ ವಿಳಾಸಗಳ ಪಟ್ಟಿಯನ್ನು ನಮ್ಮ ರಾಜ್ಯ ಸರಕಾರವೇ ಪ್ರಕಟಿಸಿತು. ರೋಗ ಹರಡದಿರಲಿ ಎಂದು ಸಂಗ್ರಹಿಸಿದ ವಿಳಾಸ ಅದು. ಆರೋಗ್ಯ ಇಲಾಖೆ, ಪೊಲೀಸರು, ಪಂಚಾಯತ್ ಇಷ್ಟರ ನಡುವೆ ಇದ್ದಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಊರೆಲ್ಲ ಓದುವ ಪಟ್ಟಿಯಾದಾಗ ಆ ಮನೆಗೆ ಹಾಲು ಹಾಕುವವರೂ ಹಿಂದೆ ಮುಂದೆ ನೋಡುವ ಹಾಗಾಯಿತು. ಒಂದು ಕಾರಣಕ್ಕೆ ಕೊಟ್ಟ ಮಾಹಿತಿ ಇನ್ನೊಂದು ಕಡೆ ಸೋರಿದರೆ ಏನಾಗುತ್ತದೆಂದು ನಾವು ಆಗಲೇ ಕಂಡಿದ್ದೇವೆ.

ರಿಜಿಸ್ಟರಿನಿಂದ ಹುಟ್ಟಿದ ಹಕ್ಕು

ಖಾಸಗಿತನ ಶ್ರೀಮಂತರ ವಿಚಾರ, ಬೆಂಗಳೂರಿನ ಇಂಗ್ಲಿಷ್ ಮಾತಾಡುವವರ ವಿಚಾರ ಎಂದು ತಿಳಿದವರಿದ್ದಾರೆ. ನಮ್ಮ ದೇಶದಲ್ಲಿ ಈ ಹಕ್ಕಿನ ಬಗ್ಗೆ ನಡೆದ ದೊಡ್ಡ ಹೋರಾಟಗಳಲ್ಲೊಂದು ಶುರುವಾದದ್ದು ಒಂದು ಪೊಲೀಸ್ ರಿಜಿಸ್ಟರಿನಿಂದ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರನ್ನು 1941ರಲ್ಲಿ ದರೋಡೆ ಕೇಸಿನಲ್ಲಿ ಹಿಡಿದರು. ಸಾಕ್ಷ್ಯವಿಲ್ಲ ಎಂದು ಬಿಟ್ಟರು. ಬಿಟ್ಟರೂ ಪೊಲೀಸರು ಅವರ ಹೆಸರಿನಲ್ಲಿ ಹಿಸ್ಟರಿ ಶೀಟ್ ತೆರೆದರು. ರಾತ್ರಿ ಹೊತ್ತು ಮನೆ ಬಾಗಿಲು ಬಡಿಯುವುದು, ಎಬ್ಬಿಸುವುದು, ಎಲ್ಲಿಗೆ ಹೋಗ್ತೀ ಎಂದು ಕೇಳುವುದು ನಡೆಯುತ್ತಾ ಬಂತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1962ರ ಡಿಸೆಂಬರ್‌ನಲ್ಲಿ ಬಂದ ತೀರ್ಪು ರಾತ್ರಿ ಮನೆಗೆ ಬರುವುದನ್ನು ರದ್ದು ಮಾಡಿತು, ಆದರೆ ಖಾಸಗಿತನ ಸಂವಿಧಾನ ಕೊಟ್ಟ ಹಕ್ಕಲ್ಲ ಎಂದಿತು. ನ್ಯಾಯಮೂರ್ತಿ ಸುಬ್ಬರಾವ್ ಆಗ ಭಿನ್ನ ತೀರ್ಪು ಬರೆದರು.

ಆ ಭಿನ್ನಮತ ಸರಿಯೆಂದು ಆಗಲು 55 ವರ್ಷ ಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಕೋರ್ಟಿಗೆ ಹೋದ ಮನುಷ್ಯ. ಸರಕಾರ ಒಬ್ಬನ ಖಾಸಗಿ ಬದುಕಿನಲ್ಲಿ ಕೈಹಾಕಬೇಕಾದರೆ ಅದಕ್ಕೊಂದು ಕಾಯ್ದೆ ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ಬೇಕಾದಷ್ಟೇ ಕೈಹಾಕಬೇಕು ಎಂಬ ಅಳತೆಗೋಲು ಆ ತೀರ್ಪಿನಿಂದ ಬಂತು. ಸಿಸಿಟಿಎನ್‌ಎಸ್, ನ್ಯಾಟ್‌ಗ್ರಿಡ್‌ಗಳನ್ನು ಈ ಅಳತೆಗೋಲಿಗೆ ಹಿಡಿದರೆ ಮೊದಲನೆಯ ಪ್ರಶ್ನೆಯಲ್ಲೇ ತಡವರಿಸಬೇಕಾಗುತ್ತದೆ.

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಬಂದಾಗ ಇದೆಲ್ಲ ಸರಿಯಾಗುತ್ತದೆ ಎಂಬ ಆಸೆ ಇತ್ತು. ಆ ಕಾಯ್ದೆ ಅಂಗಡಿಯವನನ್ನು, ಆ್ಯಪ್ ಕಂಪೆನಿಯನ್ನು ಕಟ್ಟಿಹಾಕುತ್ತದೆ. ಅಪರಾಧ ತಡೆ, ಪತ್ತೆ, ತನಿಖೆಗಾಗಿ ಬಳಸುವ ಮಾಹಿತಿಗೆ ಬಹುಪಾಲು ವಿನಾಯಿತಿ. ಅದಲ್ಲದೆ ಕೇಂದ್ರ ಸರಕಾರ ತನಗೆ ಬೇಕಾದ ಸಂಸ್ಥೆಯನ್ನು ಕಾಯ್ದೆಯಿಂದಲೇ ಹೊರಗಿಡಬಹುದು. ಬೇಲಿ ಕಟ್ಟಿದ್ದಾರೆ, ಆದರೆ ದೊಡ್ಡ ಗೇಟು ತೆರೆದೇ ಇದೆ.

ಆಗುವುದಿಲ್ಲ ಎಂದೇನಿಲ್ಲ

ಪೊಲೀಸರಿಗೆ ಮಾಹಿತಿ ಕೊಡುವುದಕ್ಕೂ ಒಂದು ಬಾಗಿಲು, ಬಾಗಿಲಲ್ಲಿ ಒಬ್ಬ ಕಾವಲುಗಾರ ಇರಬೇಕೆಂದರೆ ತನಿಖೆ ಹಾಳಾಗುತ್ತದೆ ಎನ್ನುತ್ತಾರೆ. ಆಧಾರ್ ನೋಡಿ. ಗೋವಾದಲ್ಲಿ ಪುಟ್ಟ ಬಾಲಕಿಯ ಮೇಲೆ ಅತ್ಯಾಚಾರವಾದ ಘೋರ ಪ್ರಕರಣದಲ್ಲಿ ಸಿಬಿಐ ಆಧಾರ್‌ನ ಬೆರಳಚ್ಚು ದತ್ತಾಂಶ ಕೇಳಿದಾಗ ಆಧಾರ್ ಪ್ರಾಧಿಕಾರವೇ ಸುಪ್ರೀಂ ಕೋರ್ಟಿಗೆ ಹೋಗಿ ಕೊಡಲಾಗದು ಎಂದಿತು. 2014ರ ಮಾರ್ಚ್‌ನಲ್ಲಿ ಕೋರ್ಟ್ ಆ ವಾದಕ್ಕೆ ಕಿವಿಗೊಟ್ಟು ತಡೆ ನೀಡಿತು. ಅಪರಾಧ ಎಷ್ಟೇ ಘೋರವಾಗಿದ್ದರೂ ಕೋಟ್ಯಂತರ ನಿರಪರಾಧಿಗಳ ಬೆರಳಚ್ಚನ್ನು ಜಾಲಾಡುವುದು ಸರಿಯಲ್ಲ ಎಂಬುದು ಅದರ ತಿರುಳು. ಈಗ ಆಧಾರ್ ಕಾಯ್ದೆಯಲ್ಲಿ ಒಬ್ಬನ ಹೆಸರು, ವಿಳಾಸ ಪೊಲೀಸರಿಗೆ ಬೇಕಿದ್ದರೂ ಹೈಕೋರ್ಟ್ ನ್ಯಾಯಾಧೀಶರ ಆದೇಶ ಬೇಕು. ಬೆರಳಚ್ಚು ಆ ಆದೇಶದ ಮೇಲೂ ಸಿಗದು. ರಾಷ್ಟ್ರೀಯ ಭದ್ರತೆಗೆ ಬೇರೆ ದಾರಿ ಇಟ್ಟಿದ್ದಾರೆ, ನಿಜ. ಆದರೂ ಒಂದು ಬಾಗಿಲು, ಒಬ್ಬ ನ್ಯಾಯಾಧೀಶ ಇದ್ದಾನೆ. ಠಾಣೆಗಳ ಜಾಲಕ್ಕೆ ಅಂಥ ಬಾಗಿಲು ಇಲ್ಲ.

ಕೋರ್ಟುಗಳು ದಾರಿ ತೋರಿಸಿದ್ದೂ ಉಂಟು. 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ತನ್ನ ಹಳೆಯ ಆದೇಶವೊಂದರಲ್ಲಿ ಹೆಣ್ಣುಮಗಳೊಬ್ಬಳ ಹೆಸರು ಇಂಟರ್‌ನೆಟ್ ಹುಡುಕಾಟದಲ್ಲಿ ಸಿಗದ ಹಾಗೆ ನೋಡಿಕೊಳ್ಳಲು ತನ್ನ ಕಚೇರಿಗೆ ಹೇಳಿತು. ಅವಳ ತಂದೆ ಕೇಳಿಕೊಂಡದ್ದು ಅಷ್ಟೇ: ಮುಗಿದ ಕೇಸು ಮಗಳ ಬಾಳಿಗೆ ಅಂಟಿಕೊಳ್ಳದಿರಲಿ.

2024ರ ಮೇ 7ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇದಕ್ಕಿಂತ ಹತ್ತಿರದ್ದು. ದಿಲ್ಲಿಯ ಶಾಸಕರಾಗಿದ್ದ ಅಮಾನತುಲ್ಲಾ ಖಾನ್ ಮೇಲೆ ಪೊಲೀಸರು ತೆರೆದ ಹಿಸ್ಟರಿ ಶೀಟ್‌ನಲ್ಲಿ ಅವರ ಶಾಲೆಗೆ ಹೋಗುವ ಮಕ್ಕಳ ವಿವರವೂ ಇತ್ತು. ಹಿಸ್ಟರಿ ಶೀಟ್ ಪೊಲೀಸರ ಒಳಗಿನ ದಾಖಲೆ, ಹೊರಗೆ ಬಿಡುವಂತಿಲ್ಲ, ಅಪ್ರಾಪ್ತ ಮಕ್ಕಳ ವಿವರ ಸೇರಿಸುವಂತಿಲ್ಲ, ಹಿರಿಯ ಅಧಿಕಾರಿ ಆಗಾಗ ಪರಿಶೀಲಿಸಬೇಕು ಎಂದು ಕೋರ್ಟ್ ಹೇಳಿತು. ಹಿಂದುಳಿದವರ, ಪರಿಶಿಷ್ಟರ ಹೆಸರುಗಳು ಯಾಂತ್ರಿಕವಾಗಿ ಇಂಥ ಪಟ್ಟಿಗೆ ಬೀಳುವ ಬಗ್ಗೆ ಚಿಂತೆ ವ್ಯಕ್ತಪಡಿಸಿತು. ದಿಲ್ಲಿಗೆ ಮಾತ್ರ ನಿಲ್ಲಿಸದೆ ಎಲ್ಲ ರಾಜ್ಯಗಳೂ ತಮ್ಮ ನಿಯಮಗಳನ್ನು ಮತ್ತೆ ನೋಡಬೇಕೆಂದು ಸೂಚಿಸಿತು. ನಮ್ಮ ಜಿಲ್ಲೆಗಳ ರೌಡಿ ಶೀಟುಗಳ ವಿಷಯದಲ್ಲಿ ಆ ಸೂಚನೆ ಎಷ್ಟು ಜಾರಿಯಾಗಿದೆ ಎಂದು ಕೇಳುವ ಹಕ್ಕು ನಮಗಿದೆ. ನಮ್ಮ ಶಾಸಕರು ವಿಧಾನಸಭೆಯಲ್ಲಿ ಕೇಳಲಿ.

ಎರಡು ಕಡೆಯವರಿಗೂ ಒಂದೇ ಅಳತೆ

ಇದು ನಮ್ಮ ಸಮುದಾಯದ ಗೋಳು ಮಾತ್ರ ಎಂದು ಬರೆದರೆ ಅರ್ಧ ಸತ್ಯವಾಗುತ್ತದೆ. 2025ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ ನಡೆದ ಕೊಲೆಗಳ ನಂತರ, ಜೂನ್ ಮೊದಲ ವಾರ, ಹಿಂದೂ ಸಂಘಟನೆಗಳ ಮುಖಂಡರ, ಕಾರ್ಯಕರ್ತರ ಮನೆಗಳಿಗೆ ಪೊಲೀಸರು ರಾತ್ರಿ ಹೊತ್ತು ಹೋಗಿ ಫೋಟೋ ತೆಗೆಯುತ್ತಿದ್ದಾರೆ ಎಂಬ ದೂರು ಎದ್ದಿತು. ಆಗ ನಮ್ಮಲ್ಲಿ ಕೆಲವರಿಗೆ ‘ಆಗಲಿ, ಅವರಿಗೂ ಗೊತ್ತಾಗಲಿ’ ಅನ್ನಿಸಿದ್ದುಂಟು. ಹಾಗೆ ಅನ್ನಿಸುವುದು ಸಹಜ, ಆದರೆ ಸರಿಯಲ್ಲ. ಖರಕ್ ಸಿಂಗ್‌ನ ಬಾಗಿಲು ಬಡಿದದ್ದು ತಪ್ಪಾದರೆ ಇಲ್ಲಿಯ ಬಾಗಿಲು ಬಡಿಯುವುದೂ ತಪ್ಪು. ಆ ಮನೆಯ ಒಳಗೂ ಮಲಗಿದ ಮಕ್ಕಳಿರುತ್ತಾರೆ, ಪ್ರಾಯದ ತಾಯಂದಿರಿರುತ್ತಾರೆ. ಕೊಲೆ ಮಾಡಿದವನನ್ನು ಹಿಡಿಯಲಿ, ಸಾಕ್ಷ್ಯ ಇಟ್ಟು ಶಿಕ್ಷೆ ಕೊಡಿಸಲಿ. ಇವತ್ತು ಅವರ ಮನೆಯ ಫೋಟೋ ತೆಗೆದ ಫೋನು ನಾಳೆ ಬೇರೆಯವರ ಮನೆಯದ್ದೂ ತೆಗೆಯುತ್ತದೆ.

ಮತ್ತೊಂದು ಮಾತನ್ನೂ ಮರೆಯಬಾರದು. ಮಾಹಿತಿ ಹಂಚಿಕೆಯಿಂದ ನಮಗೂ ಉಪಕಾರವಿದೆ. ಕಳೆದುಹೋದ ಮಗು, ಕದ್ದುಹೋದ ಬೈಕು ಬೇರೆ ರಾಜ್ಯದಲ್ಲಿ ಸಿಗುವುದು ಈ ಜಾಲದಿಂದಲೇ. ಸೈಬರ್ ವಂಚನೆಯಾದಾಗ 1930ಕ್ಕೆ ಫೋನ್ ಮಾಡಿದ ಕೂಡಲೇ ಪೊಲೀಸರು, ಬ್ಯಾಂಕುಗಳು ಮಾತಾಡಿಕೊಂಡು ಹಣ ತಡೆಹಿಡಿಯಬೇಕೆಂದು ನಾವೂ ಬಯಸುತ್ತೇವೆ. ಎಂಡಿಎಂಎ ಮಾರುವವನ ಜಾಡು ಹಿಡಿಯಲು ಪೊಲೀಸರು ರಾಜ್ಯದ ಗಡಿ ದಾಟಿ ಮಾತಾಡಲೇಬೇಕು, ಆ ವಿಷ ನಮ್ಮ ಮಕ್ಕಳನ್ನೂ ತಿನ್ನುತ್ತಿದೆ. ಆದರೆ ಅದೇ ಸೈಬರ್ ಕೇಸಿನಲ್ಲಿ ವಂಚಕನ ಹಣ ಕೈ ಬದಲಾಗಿ ಗೂಡಂಗಡಿಯವನ ಯುಪಿಐಗೆ ಐನೂರು ರೂಪಾಯಿ ಬಂದರೆ ಅವನ ಖಾತೆಯೇ ಸ್ಥಗಿತವಾಗುತ್ತದೆ. ಯಾವ ರಾಜ್ಯದ ಯಾವ ಠಾಣೆ ತಡೆದದ್ದು, ಯಾರಲ್ಲಿ ಹೋಗಿ ಕೇಳಬೇಕು ಎಂದು ಹುಡುಕುವುದರಲ್ಲೇ ಅವನ ತಿಂಗಳು ಹೋಗುತ್ತದೆ. ತಡೆಯುವ ಗುಂಡಿ ಒತ್ತಲು ಒಂದು ಕ್ಷಣ ಸಾಕು. ಬಿಡಿಸುವುದಕ್ಕೆ ಅಂಥ ಗುಂಡಿ ಇಲ್ಲ. ನಾವು ಹೇಳುವುದು ಈ ಕೊರತೆಯನ್ನು.

ದೀನ್ ಏನು ಕಲಿಸುತ್ತದೆ

ಪರರ ಗುಟ್ಟು ಹುಡುಕಬಾರದು ಎಂಬುದು ನಮಗೆ ಸಂವಿಧಾನಕ್ಕಿಂತ ಮೊದಲೇ ಬಂದ ಪಾಠ. ಸೂರಾ ಹುಜುರಾತ್‌ನ 12ನೇ ವಚನ ಗೂಢಚರ್ಯೆಯನ್ನೂ ಪರನಿಂದೆಯನ್ನೂ ಒಟ್ಟಿಗೇ ತಡೆಯುತ್ತದೆ. ಅದೇ ಸೂರಾದ 6ನೇ ವಚನ ಬಂದ ಸುದ್ದಿಯನ್ನು ಪರಿಶೀಲಿಸದೆ ಯಾರಿಗೂ ಹಾನಿ ಮಾಡಬೇಡಿ ಎಂದು ಎಚ್ಚರಿಸುತ್ತದೆ. ಸೂರಾ ನೂರ್ ಒಪ್ಪಿಗೆ ಕೇಳದೆ, ಸಲಾಂ ಹೇಳದೆ ಇನ್ನೊಬ್ಬರ ಮನೆಗೆ ಹೋಗಬಾರದೆಂದು ಕಲಿಸುತ್ತದೆ. ನಂಬಿ ಕೊಟ್ಟದ್ದು ಅಮಾನತ್. ಒಬ್ಬರ ಮಾಹಿತಿ ಕೂಡ ಅಮಾನತ್.

ಈ ಪಾಠವನ್ನು ಸರಕಾರಕ್ಕೆ ಮಾತ್ರ ಹೇಳಿ ನಮ್ಮ ಫೋನಿನ ಮಟ್ಟಿಗೆ ಮರೆತರೆ ಅರ್ಥವಿಲ್ಲ. ಯಾರೋ ಹುಡುಗನನ್ನು ಪೊಲೀಸರು ಹಿಡಿದ ಫೋಟೋ, ಹೆಣ್ಣುಮಗಳೊಬ್ಬಳ ದೂರಿನ ಪ್ರತಿ, ಸಿಸಿ ಟಿವಿಯ ತುಣುಕು ಊರಿನ ಗುಂಪಿಗೆ ಬಂದಾಗ ಅದನ್ನು ಮುಂದಕ್ಕೆ ತಳ್ಳುವ ಪ್ರತಿ ಬೆರಳೂ ಆ ಹಂಚಿಕೆಯಲ್ಲಿ ಪಾಲುದಾರ. ಅತ್ಯಾಚಾರದ ಸಂತ್ರಸ್ತೆಯ, ಪ್ರಕರಣದಲ್ಲಿ ಸಿಲುಕಿದ ಮಗುವಿನ ಗುರುತು ಹೊರಗೆ ಬಿಡುವುದು ಕಾನೂನಿನ ಪ್ರಕಾರವೂ ಅಪರಾಧ. ಗುಂಪಿನ ಅಡ್ಮಿನ್‌ಗಳು ಅಂಥದ್ದನ್ನು ಕೂಡಲೇ ತೆಗೆಯಲಿ. ಜುಮಾದ ಖುತ್ಬಾದಲ್ಲಿ ಉಸ್ತಾದರು ಗೀಬತ್ ಬಗ್ಗೆ ಹೇಳುವಾಗ ಫಾರ್ವರ್ಡ್ ಮಾಡುವುದನ್ನೂ ಸೇರಿಸಿ ಹೇಳಿದರೆ ಯುವಕರಿಗೆ ಬೇಗ ತಾಗುತ್ತದೆ.

ಮನೆಯವರು ಮಾಡಬೇಕಾದದ್ದು

ಕೆಲವು ಕೆಲಸ ಸರಕಾರಕ್ಕೆ ಕಾಯದೆ ನಾವೇ ಮಾಡಬಹುದು. ಮೊದಲನೆಯದು, ಕೇಸು ಮುಗಿದರೆ ಬಾಯಿಮಾತಿಗೆ ಬಿಡಬೇಡಿ. ಖುಲಾಸೆಯ ತೀರ್ಪಿನ, ಇಲ್ಲವೇ ಬಿ ರಿಪೋರ್ಟ್ ಒಪ್ಪಿದ ಆದೇಶದ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಅದನ್ನು ಅರ್ಜಿಯೊಂದಿಗೆ ಠಾಣೆಗೆ ಕೊಟ್ಟು ನಿಮ್ಮ ದಾಖಲೆಯಲ್ಲಿ ಸೇರಿಸಲು ಕೇಳಿ, ಸ್ವೀಕೃತಿ ಪಡೆಯಿರಿ. ಇನ್ನೊಂದು ಪ್ರತಿ ಮನೆಯ ಕಪಾಟಿನಲ್ಲಿ ಜಾಗದ ಪತ್ರದ ಜೊತೆಗೇ ಇರಲಿ.

ಎರಡನೆಯದು, ಬೆರಳಚ್ಚು, ಫೋಟೋ ತೆಗೆದಿದ್ದರೆ, ಹಿಂದೆ ಶಿಕ್ಷೆಯಾಗದ ವ್ಯಕ್ತಿ ವಿಚಾರಣೆಯಿಲ್ಲದೆ ಬಿಡುಗಡೆಯಾದರೆ ಅಥವಾ ಮೇಲ್ಮನವಿಗಳೆಲ್ಲ ಮುಗಿದು ಖುಲಾಸೆಯಾದರೆ ಆ ದಾಖಲೆ ನಾಶ ಮಾಡಬೇಕೆಂದು 2022ರ ಕಾಯ್ದೆಯೇ ಹೇಳುತ್ತದೆ. ಕೋರ್ಟ್ ಬೇರೆ ರೀತಿ ಆದೇಶಿಸಿದ್ದರೆ ಮಾತ್ರ ಇಟ್ಟುಕೊಳ್ಳಬಹುದು. ತಾನಾಗಿ ಆಗುತ್ತದೆ ಎಂದು ಕೂರಬೇಡಿ, ವಕೀಲರ ಮೂಲಕ ಬರವಣಿಗೆಯಲ್ಲಿ ಕೇಳಿ.

ಮೂರನೆಯದು, ಎಫ್‌ಐಆರ್ ಒಂದೇ ಕಾರಣಕ್ಕೆ ಪಾಸ್‌ಪೋರ್ಟ್ ನಿಲ್ಲಬೇಕಿಲ್ಲ. ತನಿಖೆ ಹಂತದಲ್ಲಿರುವ ಎಫ್‌ಐಆರ್ ಕೋರ್ಟಿನಲ್ಲಿ ಬಾಕಿಯಿರುವ ಕ್ರಿಮಿನಲ್ ಪ್ರಕರಣವಲ್ಲ, ಕೋರ್ಟ್ ಅದನ್ನು ವಿಚಾರಣೆಗೆ ಪರಿಗಣಿಸಿದ ಮೇಲೆ ಮಾತ್ರ ಬಾಕಿ ಎನ್ನಬಹುದು ಎಂದು ವಿದೇಶಾಂಗ ಸಚಿವಾಲಯವೇ 2019ರ ಅಕ್ಟೋಬರ್ 10ರ ಸೂಚನೆಯಲ್ಲಿ ಹೇಳಿದೆ. ಕೇಸು ಕೋರ್ಟಿನಲ್ಲಿದ್ದರೂ ಆ ಕೋರ್ಟಿನ ಅನುಮತಿ ಪಡೆದು ಪಾಸ್‌ಪೋರ್ಟ್ ಕೇಳಲು 1993ರ ಅಧಿಸೂಚನೆಯಲ್ಲಿ ದಾರಿಯಿದೆ. ಆದರೆ ಅರ್ಜಿಯಲ್ಲಿ ಕೇಳಿದ್ದನ್ನು ಮುಚ್ಚಿಡಬೇಡಿ. ಮುಗಿದ ಕೇಸಿಗಿಂತ ಮುಚ್ಚಿಟ್ಟ ಕೇಸು ಹೆಚ್ಚು ಕಾಟ ಕೊಡುತ್ತದೆ.

ನಾಲ್ಕನೆಯದು ಮಕ್ಕಳ ವಿಷಯ. ಹದಿನೆಂಟು ತುಂಬದ ಹುಡುಗ ಕೇಸಿನಲ್ಲಿ ಸಿಕ್ಕಿ, ಕೇಸು ಮುಗಿದಿದ್ದರೆ, ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಆ ದಾಖಲೆಯನ್ನು ಬಹಿರಂಗಪಡಿಸುವಂತಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಗೊತ್ತಿಲ್ಲದ ಕಾರಣಕ್ಕೆ ಯಾವ ಮನೆಯ ಹುಡುಗನ ಕೆಲಸವೂ ತಪ್ಪಬಾರದು.

ಇದೆಲ್ಲ ಮಾಡಲು ಒಬ್ಬಂಟಿ ಉಮ್ಮನಿಗೆ, ಕೂಲಿ ಮಾಡುವ ತಂದೆಗೆ ಕಷ್ಟ. ಜಮಾಅತ್‌ಗಳು ಮದರಸಕ್ಕೆ, ಮದುವೆಗೆ, ರೋಗಿಗಳಿಗೆ ನೆರವಾಗುವ ಹಾಗೆ ತಿಂಗಳಿಗೊಂದು ದಿನ ಒಬ್ಬ ವಕೀಲರನ್ನು ಕೂರಿಸಿ ಇಂಥ ಕಾಗದ ಪತ್ರ ನೋಡಿಸಿದರೆ ಅದು ಸಣ್ಣ ಸೇವೆಯಲ್ಲ.

ಸರಕಾರದಲ್ಲಿ ಕೇಳಬೇಕಾದದ್ದು

ಪೊಲೀಸ್ ರಾಜ್ಯದ ವಿಷಯ. ದಿಲ್ಲಿಯ ಕಡೆ ಕೈ ತೋರಿಸಿ ಬೆಂಗಳೂರು ಸುಮ್ಮನಿರುವಂತಿಲ್ಲ. ಕೋರ್ಟು ಮತ್ತು ಠಾಣೆಯ ಕಂಪ್ಯೂಟರ್‌ಗಳನ್ನು ಜೋಡಿಸುವ ಜಾಲ ಆಗಲೇ ಇದೆ. ಅದೇ ತಂತಿಯಲ್ಲಿ ಖುಲಾಸೆಯ ಆದೇಶ ತಾನಾಗಿ ಬಂದು ಠಾಣೆಯ ದಾಖಲೆಯಲ್ಲಿ ಕೂರುವ ಹಾಗೆ ಮಾಡುವುದು ದೊಡ್ಡ ತಂತ್ರಜ್ಞಾನವೇನಲ್ಲ. ಯಾರ ದಾಖಲೆಯನ್ನು ಯಾವ ಅಧಿಕಾರಿ ಯಾವಾಗ ತೆರೆದು ನೋಡಿದರು ಎಂಬುದು ನಮೂದಾಗಬೇಕು. ಠಾಣೆಯೊಳಗಿನ ಫೋಟೋ ವಾಟ್ಸಾಪ್‌ಗೆ ಬಂದರೆ ಯಾರಿಂದ ಹೊರಬಿತ್ತು ಎಂದು ತನಿಖೆಯಾಗಬೇಕು. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪೊಲೀಸರು ಮಾಧ್ಯಮದ ಮುಂದೆ ಏನು ಹೇಳಬೇಕು, ಏನು ಹೇಳಬಾರದು ಎಂಬುದಕ್ಕೆ ಮಾರ್ಗಸೂಚಿ ಮಾಡಲು ಕೇಂದ್ರಕ್ಕೆ ಸೂಚಿಸಿತ್ತು. ಅದಕ್ಕೆ ಕಾಯದೆ ರಾಜ್ಯವೇ ತನ್ನ ಪೊಲೀಸರಿಗೆ ಗೆರೆ ಎಳೆಯಬಹುದು.

ಬಕ್ರೀದ್, ಮೀಲಾದ್, ಗಣೇಶೋತ್ಸವ ಬಂತೆಂದರೆ ಠಾಣೆಗಳಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಮೆರವಣಿಗೆ ಯಾವ ದಾರಿಯಲ್ಲಿ, ಮೈಕ್ ಎಷ್ಟು ಹೊತ್ತಿನವರೆಗೆ ಎಂದು ಮಾತಾಡಿ, ಚಹಾ ಕುಡಿದು, ಫೋಟೋ ತೆಗೆಸಿಕೊಂಡು ಬರುವುದು ರೂಢಿ. ಮುಂದಿನ ಸಭೆಗೆ ಹೋಗುವ ಜಮಾಅತ್ ಅಧ್ಯಕ್ಷರು, ಕಾರ್ಯದರ್ಶಿಗಳು ಒಂದು ಹಾಳೆಯಲ್ಲಿ ಈ ಪ್ರಶ್ನೆಯನ್ನೂ ಬರೆದುಕೊಂಡು ಹೋಗಲಿ: ಈ ಠಾಣೆಯ ವ್ಯಾಪ್ತಿಯಲ್ಲಿ ಖುಲಾಸೆಯಾದ ಎಷ್ಟು ಜನರ ಹೆಸರು ಇನ್ನೂ ಆರೋಪಿ ಎಂದೇ ಕಂಪ್ಯೂಟರ್‌ನಲ್ಲಿದೆ, ಅದನ್ನು ಯಾವ ದಿನದೊಳಗ�� ಸರಿಮಾಡುತ್ತೀರಿ? ಕೇಳುವಾಗ ನಮ್ಮವರ ಹೆಸರು ಮಾತ್ರ ಕೇಳಬೇಡಿ, ಎಲ್ಲರದ್ದೂ ಕೇಳಿ. ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.